ಕಂಬಳಿಮರದ ಹೂವಿನ ಬಟ್ಟೆ

ನನ್ನ ಅತ್ತೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವಳು ತೀರಿಕೊಂಡು ವರ್ಷವಾಯಿತು. ನಮ್ಮ ಪದ್ಧತಿಯಂತೆ ಇನ್ನೂ ಒಂದು ಮಳೆಗಾಲ ಕಳೆಯುವವರೆಗೆ ಆ ಹೆಸರು ಯಾರ ಬಾಯಲ್ಲೂ ಬರಬಾರದು. ಅಂಗಡಿಯಲ್ಲಿ ಅದೇ ಹೆಸರಿನ ಇನ್ನೊಬ್ಬ ಹೆಂಗಸಿದ್ದಾಳೆ. ಅವಳನ್ನು ಈಗ ನಾವೆಲ್ಲ ‘ಹೆಸರಿಲ್ಲದವಳೇ’ ಎಂದು ಕೂಗುತ್ತೇವೆ, ಪಾಪ, ಅವಳೂ ಓಗೊಡುತ್ತಾಳೆ. ಅತ್ತೆಯ ಫೋಟೋಗಳನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದೇವೆ. ಅವಳು ಅಚ್ಚು ಹಾಕಿದ ಹೂವಿನ ಬಟ್ಟೆಗಳನ್ನೆಲ್ಲ ಮಡಿಸಿ ಕಣ್ಣಿಗೆ ಬೀಳದಂತೆ ಒಳಗಿಟ್ಟಿದ್ದೇವೆ. ಹೊರಗೆ ಉಳಿದದ್ದು ಒಂದೇ ಬಟ್ಟೆ, ಯಾಕೆಂದರೆ ಅದರ ಮೇಲೆ ಅವಳು ಏನನ್ನೂ ಬಿಡಿಸಿರಲಿಲ್ಲ. ಬರೀ ಬಿಳಿ. ನಿನ್ನೆ ಬೆಳಿಗ್ಗೆಯವರೆಗೂ ಅದು ಅಪ್ಪನ ಮನೆಯ ಮುಂದಿನ ತಂತಿಯ ಮೇಲೆ ನೇತಾಡುತ್ತಿತ್ತು. ಅದರ ಹಿಂದೆ ಎರಡು ಮಳೆಗಾಲ ಕುಡಿದು ಒಮ್ಮೆಯೂ ಬೆಂಕಿ ಕಾಣದ ಹುಲ್ಲು ನನ್ನ ತಲೆಗಿಂತ ಎತ್ತರ ನಿಂತಿದೆ. ಆ ಹುಲ್ಲಿನ ಭಯವೇ ನನ್ನಿಂದ ಇದನ್ನು ಬರೆಸುತ್ತಿದೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಹುಟ್ಟಿದ್ದು ಡಾರ್ವಿನ್ ಪಟ್ಟಣದಿಂದ ಸಣ್ಣ ವಿಮಾನದಲ್ಲಿ ಬರಬೇಕಾದ ಇದೇ ಮಿರ್ರಾಲಿಯಲ್ಲಿ, ಒರತೆಯ ಪಕ್ಕದ ಕಾಗದತೊಗಟೆ ಮರದ ಕೆಳಗೆ. ಗಿಡ್ಡ ಆಳು, ದೊಡ್ಡ ಗಂಟಲು. ಹಳ್ಳದ ಆ ದಡದಲ್ಲಿ ಅವಳು ನಕ್ಕರೆ ಈ ದಡದ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಹುಡುಗಿಯಾಗಿದ್ದಾಗ ಮಿಷನ್ನಿನವರ ಹೊಲಿಗೆ ಕೋಣೆಯಲ್ಲಿ ಲಂಗದ ಅಂಚು ಮಡಿಸಿ ಹೊಲಿಯುವುದನ್ನು ಕಲಿತಳು. ಮಿಷನ್ನಿನವರು ಹೋದರು, ಅದೇ ಕೋಣೆಗೆ ಬಟ್ಟೆಯ ಮೇಲೆ ಅಚ್ಚು ಹಾಕುವ ಉದ್ದನೆಯ ಮೇಜು ಬಂತು, ಅತ್ತೆ ಮಾತ್ರ ಅಲ್ಲಿಂದ ಏಳಲಿಲ್ಲ. ಅವಳಿಗೆ ಮಕ್ಕಳಿರಲಿಲ್ಲ. ನನ್ನನ್ನು ಆ ಮೇಜಿನ ಕೆಳಗೆ ಮಲಗಿಸಿ ಕೆಲಸ ಮಾಡುತ್ತಿದ್ದಳಂತೆ, ಬಣ್ಣ ತೊಟ್ಟಿಕ್ಕಿ ನನ್ನ ಕೂದಲು ಕಿತ್ತಳೆಯಾಗಿರುತ್ತಿತ್ತಂತೆ.

ಆದರೆ ಅವಳ ನಿಜವಾದ ಕೆಲಸ ಕಣ್ಣಿನದು. ತಾತ ಸಾಯುವ ಮುಂಚೆ ಮಿರ್ರಾಲಿಯ ನೆಲವನ್ನು ಇಬ್ಬರು ಮಕ್ಕಳಿಗೂ ಒಪ್ಪಿಸಿ ಹೋಗಿದ್ದ. ಹುಲ್ಲನ್ನು ವರ್ಷವರ್ಷವೂ ಹೊತ್ತಿಗೆ ಸರಿಯಾಗಿ ಸುಡದಿದ್ದರೆ ಆಮೇಲೆ ಅದು ಕಾಡನ್ನೇ ಸುಡುತ್ತದೆ; ಆ ಹೊತ್ತು ನೋಡುವವಳು ಇವಳು, ಹಚ್ಚುವವನು ಇವನು. ಮಳೆಗಾಲ ಮುಗಿದು, ಹುಲ್ಲನ್ನು ಮಲಗಿಸುವ ಕೊನೆಯ ಗಾಳಿಮಳೆಯೂ ಹೋದಮೇಲೆ ಕಂಬಳಿಮರ ಹೂ ಬಿಡುತ್ತದೆ. ಬುಡಕ್ಕೆ ಕಂಬಳಿ ಸುತ್ತಿದಂಥ ಒರಟು ತೊಗಟೆ, ಮೇಲೆ ಬಿಳಿ ನುಣುಪು, ತುದಿಯಲ್ಲಿ ಕಿತ್ತಳೆ ಬಣ್ಣದ ಹೂ. ಅದು ಅರಳಿತು ಎಂದರೆ ಹುಲ್ಲಿನ ತಲೆ ಒಣಗಿದೆ, ಬುಡ ಇನ್ನೂ ಹಸಿಯಾಗಿದೆ, ಬೆಳಗಿನ ಜಾವ ಇಬ್ಬನಿ ಬೀಳುತ್ತದೆ. ಆಗ ಅಲ್ಲಲ್ಲಿ ಹಚ್ಚಿದ ಬೆಂಕಿ ಮೊಣಕಾಲೆತ್ತರದಲ್ಲಿ ನಡೆದುಹೋಗಿ ಸಂಜೆಗೆ ತಾನೇ ಮಲಗುತ್ತದೆ. ಹೂ ಉದುರಿ ಆಗ್ನೇಯದ ಗಾಳಿ ಎದ್ದಮೇಲೆ ಹಚ್ಚಿದ ಬೆಂಕಿ ಮಲಗುವುದಿಲ್ಲ. ಇದು ನಮ್ಮ ಕಡೆ ಕೂಸುಗಳಿಗೂ ಗೊತ್ತು.

ನೋಡಿದವಳು ಹಚ್ಚುವವನಿಗೆ ಹೇಳಬೇಕಲ್ಲ, ಅದು ಹೇಗೆ? ನಮ್ಮಲ್ಲಿ ಅಕ್ಕ ತಮ್ಮ ದೊಡ್ಡವರಾದ ಮೇಲೆ ಮುಖ ಕೊಟ್ಟು ಮಾತಾಡುವುದಿಲ್ಲ, ಒಬ್ಬರ ಹೆಸರನ್ನು ಇನ್ನೊಬ್ಬರು ಹೇಳುವುದಿಲ್ಲ. ಮುನಿಸಲ್ಲ, ಮರ್ಯಾದೆ. ಹಾಗಾಗಿ ಅತ್ತೆ ಮೊದಲೆಲ್ಲ ಹೂವಿನ ಕೊಂಬೆಯೊಂದನ್ನು ಮುರಿದು ಹಾದಿ ಕವಲೊಡೆಯುವ ಬಂಡೆಯ ಮೇಲೆ ಇಟ್ಟು ಬರುತ್ತಿದ್ದಳು. ಅಪ್ಪ ಆ ದಾರಿಯಲ್ಲಿ ಹೋಗುವಾಗ ಕೊಂಬೆ ಕಾಣುತ್ತಿತ್ತು, ಮರುದಿನ ಹೊಗೆ ಏಳುತ್ತಿತ್ತು. ಅಚ್ಚಿನ ಮೇಜು ಬಂದಮೇಲೆ ಕೊಂಬೆಯ ಜಾಗಕ್ಕೆ ಬಟ್ಟೆ ಬಂತು. ಕಂಬಳಿಮರದ ಹೂವನ್ನು ಅವಳು ಕಂಡಂತೆ ಬಿಡಿಸಲಿಲ್ಲ. ಒಂದು ಅರ್ಧಚಂದ್ರ, ಅದರಿಂದ ಮೇಲಕ್ಕೆ ಸಿಡಿದ ಕಿತ್ತಳೆ ಗೀರುಗಳು, ಕೆಳಗೆ ಸಾಲಾಗಿ ಸುಟ್ಟ ಹುಲ್ಲಿನ ಮೋಟು ಕಪ್ಪು ಗೆರೆಗಳು. ವರ್ಷದ ಮೊದಲ ಹೂ ಕಂಡ ದಿನ ಮೊದಲ ಬಟ್ಟೆ ತೆಗೆದು ನನ್ನ ಕೈಯಲ್ಲಿ ಅಪ್ಪನ ಮನೆಯ ತಂತಿಯ ಮೇಲೆ ಹಾಕಿಸುತ್ತಿದ್ದಳು. ಆಮೇಲೆ ಹಾಕಿದ್ದೆಲ್ಲ ಮಾರಾಟಕ್ಕೆ.

ಪ್ರತಿ ಬಟ್ಟೆಯಲ್ಲೂ ಒಂದು ಅಂಗೈ ಅಗಲದ ಜಾಗವನ್ನು ಅವಳು ಖಾಲಿ ಬಿಡುತ್ತಿದ್ದಳು. ಅಚ್ಚುಮನೆಯನ್ನು ನೋಡಿಕೊಳ್ಳಲು ಬಂದಿದ್ದ ಪೀಟಾ ಎಂಬ ಬಿಳಿ ಹೆಂಗಸು ಅದನ್ನು ಕಂಡು ಮುಖ ಸಣ್ಣ ಮಾಡಿದಳು.

“ಇಲ್ಲಿ ಬಣ್ಣ ಬಿಟ್ಟುಹೋಗಿದೆಯಲ್ಲ ಅಮ್ಮ. ಕೊಳ್ಳೋರು ಇದನ್ನ ತಪ್ಪು ಅಂದ್ಕೋತಾರೆ. ತುಂಬಿಸಿಬಿಡೋಣ್ವಾ?”

“ತುಂಬಿಸು ತಾಯಿ, ತುಂಬಿಸು. ಎಲ್ಲಾ ಕಡೆ ಬೆಂಕಿ ಹಾಕಿದ್ಮೇಲೆ ಕಾಂಗರೂ ಎಲ್ಲಿಗೆ ಓಡ್ಬೇಕು? ನಿನ್ನ ಮನೆಗಾ? ಚಹಾ ಮಾಡಿ ಕೊಡ್ತೀಯಾ ಅದಕ್ಕೆ?”

ಪೀಟಾ ನಕ್ಕಳು, ಜಾಗವನ್ನು ಹಾಗೇ ಬಿಟ್ಟಳು. ಮುಂದೆ ಬಂದುಹೋದವರಿಗೆಲ್ಲ ಅವಳೇ ಆ ಬಿಟ್ಟ ಜಾಗ ತೋರಿಸಿ ಕಥೆ ಹೇಳುತ್ತಿದ್ದಳು. ಅತ್ತೆ ಪಕ್ಕದಲ್ಲಿ ಕೂತು, ತನಗೆ ಏನೂ ಗೊತ್ತಿಲ್ಲದವಳಂತೆ ತಲೆಯಾಡಿಸುತ್ತಿದ್ದಳು.

ಮೂತ್ರಪಿಂಡ ಕೆಟ್ಟು ವಾರಕ್ಕೆ ಮೂರು ದಿನ ಡಯಾಲಿಸಿಸ್ ಎಂದಾಗ ಅತ್ತೆ ಡಾರ್ವಿನ್ನಿಗೆ ಹೋಗಲೇಬೇಕಾಯಿತು. ಯಂತ್ರ ಮಿರ್ರಾಲಿಗೆ ಬರುವುದಿಲ್ಲ, ಹಾಗಾಗಿ ಮನುಷ್ಯರೇ ಯಂತ್ರದ ಹತ್ತಿರ ಹೋಗಿ ಬದುಕಬೇಕು. ನೋಡಿಕೊಳ್ಳಲು ನಾನೂ ಹೋದೆ. ದೂರದೂರಿನ ರೋಗಿಗಳ ಹಾಸ್ಟೆಲ್ಲಿನಲ್ಲಿ ಒಂದು ಕೋಣೆ, ಎರಡು ಮಂಚ, ಮುಂದೆ ಜಗುಲಿ. ಕುಡಿಯುವ ನೀರಿಗೂ ಅಳತೆ. ಮೀನಿನ ಸಾರಿಲ್ಲ, ಹಳ್ಳದ ಸ್ನಾನವಿಲ್ಲ, ನಗುವಿಲ್ಲ. ಬಂದ ಮೊದಲ ವಾರ ಅವಳು ಗೋಡೆ ನೋಡಿಕೊಂಡು ಮಲಗಿದ್ದಳು. ಎರಡನೆಯ ವಾರ ಜಗುಲಿಗೆ ಬಂದು ಕೂತಾಗ, ಅಂಗಳದ ಮೂಲೆಯಲ್ಲಿ, ಕರೆಂಟಿನ ತಂತಿಯ ಕೆಳಗೆ ಒಂದು ಕಂಬಳಿಮರ ಕಂಡಿತು.

“ಅಯ್ಯೋ, ನೋಡೇ ಮರ್ಲೀನ್! ನಮ್ಮೋನೊಬ್ಬ ಇಲ್ಲಿ ನಿಂತಿದಾನಲ್ಲೇ! ಇವನಿಗೂ ಡಯಾಲಿಸಿಸ್ಸಾ?”

ಆ ದಿನವೇ ಅವಳಿಗೆ ಜೀವ ಬಂತು. ನಾನು ಅಚ್ಚುಮನೆಯಿಂದ ಜಾಲರಿ ಕಟ್ಟಿದ ಅಚ್ಚಿನ ಸ್ಕ್ರೀನು, ಬಣ್ಣ, ಬಣ್ಣ ಎಳೆಯುವ ರಬ್ಬರ್ ಪಟ್ಟಿ ತರಿಸಿ ಜಗುಲಿಯಲ್ಲಿ ಸಣ್ಣ ಮೇಜು ಹೂಡಿಕೊಟ್ಟೆ. ಮೂರು ವರ್ಷ ಆ ಮರ ಸುಳ್ಳು ಹೇಳಲಿಲ್ಲ. ಮೇ ತಿಂಗಳ ಕೊನೆಗೋ ಜೂನ್ ಮೊದಲಿಗೋ ಹೂ ಬಿಡುತ್ತಿತ್ತು. ಅತ್ತೆ ಬಟ್ಟೆ ತೆಗೆದು ಸಣ್ಣ ವಿಮಾನದಲ್ಲಿ ಅಂಚೆಯ ಜೊತೆ ಕಳಿಸುತ್ತಿದ್ದಳು. ಅಪ್ಪ ಹಚ್ಚುತ್ತಿದ್ದ. ಉಳಿದ ಹೆಂಗಸರು ಯಂತ್ರಕ್ಕೆ ತೋಳು ಕೊಟ್ಟು ಟಿ.ವಿ. ನೋಡುತ್ತಿದ್ದರೆ, ಅತ್ತೆ ಎಲ್ಲರ ಮುಂದೆ ಹೇಳುತ್ತಿದ್ದಳು: “ಇವತ್ತು ನಮ್ಮೂರಲ್ಲಿ ಹೊಗೆ. ನಾನೇ ಹಾಕಿಸಿದ್ದು.” ಅವಳಿಗೆ ಉಳಿದಿದ್ದ ಹೆಮ್ಮೆ ಅದೊಂದೇ.

ನಾಲ್ಕನೆಯ ವರ್ಷ, ಮಾರ್ಚ್ ತಿಂಗಳಲ್ಲಿ, ತಂತಿಗೆ ತಾಗುತ್ತದೆಂದು ಕೆಲಸದವರು ಬಂದು ಆ ಮರದ ತಲೆ ಕತ್ತರಿಸಿದರು. ಆ ಹೊತ್ತಿಗೆ ಅತ್ತೆ ಯಂತ್ರದ ಹತ್ತಿರ ಇದ್ದಳು. ವಾಪಸು ಬಂದವಳು ಬೋಳು ಕೊಂಬೆಗಳನ್ನು ನೋಡಿ ಬಹಳ ಹೊತ್ತು ನಿಂತಳು. “ಚಿಗುರ್ತಾನೆ ಬಿಡು,” ಎಂದಳು. ಚಿಗುರಿತು ಕೂಡ. ಮೇ ಬಂತು, ಬರೀ ಎಲೆ. ಜೂನ್ ಬಂತು, ಬರೀ ಎಲೆ. ಅತ್ತೆ ದಿನಾ ಬೆಳಿಗ್ಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕತ್ತೆತ್ತಿ ಕೂರುತ್ತಿದ್ದಳು.

ಜೂನ್ ನಡುವಿನಲ್ಲಿ ಅಪ್ಪ ಫೋನು ಮಾಡಿದ. ಅಪ್ಪ ಫೋನಿನಲ್ಲಿ ಮಾತಾಡುವುದೆಂದರೆ ಕಲ್ಲಿನಿಂದ ನೀರು ಹಿಂಡಿದ ಹಾಗೆ.

“ಇಲ್ಲಿ ಗಿಳಿಗಳು ಬಂದವು,” ಅಂದ.

“ಯಾವ ಗಿಳಿ ಅಪ್ಪ?”

“ಹೂವಿನ ಗಿಳಿ. ಬಂದವು, ಹೋದವು.”

ಅಷ್ಟೇ. ಇಟ್ಟುಬಿಟ್ಟ. ಗಿಳಿಗಳು ಬಂದು ಹೋದವು ಎಂದರೆ ಹೂ ಬಂದು ಜೇನು ಮುಗಿದು ಉದುರುತ್ತಿದೆ ಎಂದು ಅರ್ಥ. ಅಕ್ಕನಿಗೆ ತಮ್ಮ ಇದಕ್ಕಿಂತ ಬಿಡಿಸಿ ಹೇಳುವಂತಿಲ್ಲ. ನಾನು ಮೆಲ್ಲಗೆ ಅತ್ತೆಯ ಕಿವಿಗೆ ಹಾಕಿದೆ.

“ಅತ್ತೆ, ಊರಲ್ಲಿ ಗಿಳಿಗಳು ಬಂದು ಹೋದವಂತೆ.”

ಅತ್ತೆಯ ಮುಖ ಬಿಗಿಯಿತು. “ಅವರು ನನಗೆ ಪಾಠ ಹೇಳ್ತಿದಾರಾ?”

“ಇಲ್ಲ ಅತ್ತೆ, ಸುಮ್ನೆ...”

“ಸುಮ್ನೆ ಗಿಳಿ ಲೆಕ್ಕ ಹೇಳೋಕೆ ಫೋನ್ ಮಾಡಿದ್ರಾ? ಕೇಳು. ನನ್ನಪ್ಪ ಈ ಕಣ್ಣನ್ನ ನನಗೆ ಕೊಟ್ಟ. ಗಿಳಿಗೆ ಕೊಡ್ಲಿಲ್ಲ, ಫೋನಿಗೂ ಕೊಡ್ಲಿಲ್ಲ. ಹೂ ನೋಡದೆ ಬೆಂಕಿ ಅಂದ್ರೆ ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗೆ. ನಾನು ಇನ್ನೂ ಬದುಕಿದೀನಿ, ಗೊತ್ತಾಯ್ತಾ?”

ಗೊತ್ತಾಯಿತು. ಬಾಯಿ ಮುಚ್ಚಿಕೊಂಡೆ. ಅಲ್ಲಿಂದ ಮುಂದೆ ಇಡೀ ಎರಡು ತಿಂಗಳು ನಾನು ಮುಚ್ಚಿಕೊಂಡೇ ಇದ್ದೆ, ಅದಕ್ಕೆ ನನ್ನನ್ನು ನಾನು ಕ್ಷಮಿಸಿಲ್ಲ. ಜುಲೈಯಲ್ಲಿ ಸುತ್ತಲಿನ ಕಾಡು ನೋಡಿಕೊಳ್ಳುವ ರೇಂಜರುಗಳು ಅಪ್ಪನ ಹತ್ತಿರ ಎರಡು ಸಲ ಬಂದು ನಾವೇ ಹಚ್ಚಿಕೊಡುತ್ತೇವೆ ಎಂದರಂತೆ. “ಬಟ್ಟೆ ಬಂದಿಲ್ಲ” ಎಂದು ಅಪ್ಪ ವಾಪಸು ಕಳಿಸಿದನಂತೆ. ಸುತ್ತಲಿನ ನೆಲವೆಲ್ಲ ಕಪ್ಪಾಗಿ ಮತ್ತೆ ಹಸಿರು ಚಿಗುರಿತು. ಮಿರ್ರಾಲಿ ಒಂದೇ ಒಣಗಿ ಹಳದಿಯಾಗಿ ನಿಂತಿತು.

ಆಗಸ್ಟ್ ಕೊನೆಯ ವಾರ ಹಾಸ್ಟೆಲ್ಲಿನ ಮರ ಹೂ ಬಿಟ್ಟಿತು. ಕತ್ತರಿಸಿದ ಕೊಂಬೆಗೆ, ಅಂಗಳದ ಹುಲ್ಲಿಗೆ ದಿನಾ ಹಾಯಿಸುವ ನೀರು ಕುಡಿದು, ತನಗೆ ತೋಚಿದ ಹೊತ್ತಿಗೆ ಬಿಟ್ಟಿತು. ಅತ್ತೆ ಕೂಗಿದ ಕೂಗಿಗೆ ಎಲ್ಲ ಕೋಣೆಗಳ ಬಾಗಿಲೂ ತೆರೆದವು. ಕೈ ನಡುಗುತ್ತಿದ್ದರೂ ನನಗೆ ಮುಟ್ಟಲು ಬಿಡದೆ ತಾನೇ ಬಣ್ಣ ಎಳೆದಳು. ಬಟ್ಟೆ ಚೆನ್ನಾಗಿ ಬಂತು. ಅವಳ ಬಟ್ಟೆಗಳಲ್ಲೇ ಅಂಥದ್ದು ಇನ್ನೊಂದಿಲ್ಲ ಎನ್ನುವಷ್ಟು ಚೆನ್ನಾಗಿ ಬಂತು.

ಅದನ್ನು ಅಂಚೆಗೆ ಹಾಕಿದವಳು ನಾನು. ಅಂಚೆಮನೆಯ ಮುಂದೆ ಲಕೋಟೆ ಹಿಡಿದು ನಿಂತಾಗ ಆಗ್ನೇಯದ ಗಾಳಿ ನನ್ನ ಲಂಗವನ್ನು ಕಾಲಿಗೆ ಸುತ್ತುತ್ತಿತ್ತು. ಕೊಂಬೆಯಾಗಿದ್ದರೆ ದಾರಿಯಲ್ಲಿ ಬಾಡುತ್ತಿತ್ತು, ಊರಿನ ಮರಗಳ ಪಕ್ಕ ಇಟ್ಟರೆ ಸುಳ್ಳು ಹೊರಬೀಳುತ್ತಿತ್ತು. ಬಟ್ಟೆ ಬಾಡುವುದಿಲ್ಲ. ಅಪ್ಪ ನೆಲ ಬಲ್ಲವನು, ಕಾಲವಲ್ಲದ ಕಾಲದಲ್ಲಿ ಹಚ್ಚುವಷ್ಟು ಪೆದ್ದನಲ್ಲ, ತಂತಿಯ ಮೇಲೆ ಹಾಕಿಕೊಂಡು ಸುಮ್ಮನಿರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಲಕೋಟೆಯನ್ನು ಒಳಗೆ ಹಾಕಿ ಬಂದೆ.

ಐದನೆಯ ದಿನ ಅಪ್ಪ ಹಚ್ಚಿದ. ಬೆಂಕಿ ಮರದ ತುದಿಯಲ್ಲಿ ನಡೆಯಿತು ಎಂದು ನೋಡಿದವರು ಹೇಳಿದರು. ಬೆಂಕಿಗೆ ಹೆದರಿ ಓಡುವ ಇಲಿ, ಹಲ್ಲಿಗಳ ಬೇಟೆಗೆ ಹದ್ದುಗಳು ಎಂದಿನಂತೆ ಬಂದವು, ಬಿಸಿ ತಾಳಲಾರದೆ ಮೇಲಕ್ಕೆ ಹೋದವು. ಹುಲ್ಲಿನ ಅಂಚಿನ ನಾಲ್ಕು ಮನೆಗಳಲ್ಲಿ ಯಾರೂ ಇಲ್ಲದೆ ಬೀಗ ಹಾಕಿದ್ದ ಎರಡು ಸುಟ್ಟುಹೋದವು. ಒರತೆಯ ಸುತ್ತಿನ ಕಾಗದತೊಗಟೆ ಮರಗಳು ಹೋದವು, ಅತ್ತೆ ಹುಟ್ಟಿದ ಮರವೂ ಅವುಗಳಲ್ಲಿ ಒಂದು. ಮೂರು ದಿನ ಉರಿಯಿತು. ಗಾಳಿ ತಿರುಗಿದಾಗ ಅಪ್ಪ ಬಣ್ಣದ ಬೇರಿನ ಗಿಡಗಳ ಹತ್ತಿರ ಇದ್ದನಂತೆ. ಅತ್ತೆ ಚಾಪೆಯ ಓಲೆಗೆ ಬಣ್ಣ ಕಟ್ಟಲು ಬೇರು ಅಗೆಯುತ್ತಿದ್ದ ಜಾಗ ಅದು. ಅಲ್ಲಿ ಹಸಿ ಗೋಣಿಯಿಂದ ಬೆಂಕಿ ಬಡಿಯುತ್ತಿದ್ದಾಗ ಎರಡು ಕೈಯೂ ಸುಟ್ಟವು. ಹೆಲಿಕಾಪ್ಟರಿನಲ್ಲಿ ಡಾರ್ವಿನ್ನಿಗೆ ತಂದರು.

ಹೀಗೆ ಅಕ್ಕ ತಮ್ಮ ಒಂದೇ ಆಸ್ಪತ್ರೆಯಲ್ಲಿ ಸೇರಿದರು. ಅಪ್ಪನ ಕೋಣೆಗೆ ಅತ್ತೆಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದೆ. ಅಪ್ಪ ಗೋಡೆಗೆ ಮುಖ ಮಾಡಿದ. ಅತ್ತೆ ಬಾಗಿಲಿಗೆ ಮುಖ ಮಾಡಿ ಕುರ್ಚಿ ತಿರುಗಿಸಿಕೊಂಡಳು. ನಡುವೆ ನಾನು ನಿಂತೆ.

“ಕೇಳೇ, ಕೈ ಹೇಗಿದೆಯಂತೆ ಅವರದ್ದು?”

“ಇದೆ ಅಂತ ಹೇಳು ಮಗಳೇ,” ಅಂದ ಅಪ್ಪ ಗೋಡೆಗೆ. “ಎಣಿಸಿ ನೋಡಿದೆ. ಹತ್ತೂ ಬೆರಳಿವೆ.”

“ಬೇರಿನ ಗಿಡಗಳು?”

“ಅವಕ್ಕೇನೂ ಆಗಿಲ್ಲ. ಸುತ್ತ ಹುಲ್ಲು ಕೆರೆದು ಬಯಲು ಮಾಡಿದ್ದೆ. ಗೋರಿಗಳ ಸುತ್ತಲೂ.”

ಅತ್ತೆ ಕುರ್ಚಿಯ ತೋಳು ಹಿಡಿದಳು. ಅವಳ ಬೆನ್ನು ನೆಟ್ಟಗಾದದ್ದು ಕಂಡಿತು.

“ಯಾವಾಗ ಕೆರೆದಿದ್ದು ಕೇಳು.”

“ಹಚ್ಚೋ ಹಿಂದಿನ ದಿನ.”

“ನಾಯಿಗಳು?”

“ಹಳ್ಳದ ಆಚೆ ಕಟ್ಟಿ ಬಂದಿದ್ದೆ.”

ಇಬ್ಬನಿಯ ಕಾಲದ ಬೆಂಕಿಗೆ ಯಾರೂ ನಾಯಿ ಕಟ್ಟುವುದಿಲ್ಲ, ನಾಯಿಗಳು ಅದರ ಪಕ್ಕದಲ್ಲೇ ಬೆಚ್ಚಗೆ ಮಲಗುತ್ತವೆ. ಅತ್ತೆಗೆ ಅರ್ಥವಾಯಿತು. ನನಗೂ ಆಯಿತು.

“ಹಾಗಾದ್ರೆ ಗೊತ್ತಿತ್ತು,” ಅಂದಳು. ಆ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ. “ಕೇಳೇ ಅವರನ್ನ. ಹುಲ್ಲು ಕಾಣ್ಲಿಲ್ವಾ? ಗಾಳಿ ಗೊತ್ತಾಗ್ಲಿಲ್ವಾ? ಮತ್ತೆ ಯಾಕೆ ಹಚ್ಚಿದ್ರು ಅಂತ ಕೇಳು!”

ನಾನು ಕೇಳಬೇಕಾಗಿರಲಿಲ್ಲ. ಅಪ್ಪ ಗೋಡೆಗೇ ಹೇಳಿದ.

“ಬಟ್ಟೆ ಬಂತಲ್ಲ.”

ಅತ್ತೆ ಸೆರಗಿನಂತೆ ಹೊದ್ದಿದ್ದ ಆಸ್ಪತ್ರೆಯ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು. ಹೊರಗೆ ಬಂದಮೇಲೂ ತೆಗೆಯಲಿಲ್ಲ. ಅದರೊಳಗಿನಿಂದಲೇ ಕೇಳಿದಳು:

“ನಿನಗೂ ಗೊತ್ತಿತ್ತಾ?”

“ಗೊತ್ತಿತ್ತು ಅತ್ತೆ.”

“ರೇಂಜರುಗಳಿಗೆ ಗೊತ್ತಿತ್ತು, ಗಿಳಿಗಳಿಗೆ ಗೊತ್ತಿತ್ತು, ಎಲ್ಲಾರ್ಗೂ ಗೊತ್ತಿತ್ತು. ಮುದುಕಿ ಮನಸ್ಸಿಗೆ ನೋವಾಗುತ್ತೆ ಅಂತ ಊರನ್ನೇ ಸುಟ್ಟುಬಿಟ್ರಲ್ಲೇ!”

ಗಾಲಿಕುರ್ಚಿ ತಳ್ಳಿಕೊಂಡು ಅವಳನ್ನು ಯಂತ್ರದ ಹತ್ತಿರ ಬಿಟ್ಟು ಬಂದೆ, ಆ ದಿನ ಶುಕ್ರವಾರ, ಡಯಾಲಿಸಿಸ್ಸಿನ ದಿನವಾಗಿತ್ತು.

ಆಮೇಲೆ ಅವಳು ಮರದ ಕೆಳಗೆ ಕೂರಲಿಲ್ಲ. ಮಳೆಗಾಲವಿಡೀ ಒಳಗೇ ಇದ್ದು ಸೊರಗಿದಳು. ಏಪ್ರಿಲ್ಲಿನಲ್ಲಿ ನಾನು ಅಪ್ಪನನ್ನು ನೋಡಲು ಮಿರ್ರಾಲಿಗೆ ಹೊರಟಾಗ ಮಂಚದ ಕೆಳಗಿಂದ ಒಂದು ಮಡಿಸಿದ ಬಟ್ಟೆ ತೆಗೆದು ಕೊಟ್ಟಳು. “ಇದನ್ನ ತಗೊಂಡು ಹೋಗು,” ಎಂದಳು. ಬಿಚ್ಚಿ ನೋಡಿದೆ. ಒಗೆದು ಗಂಜಿ ತೆಗೆದ, ಅಚ್ಚಿಗೆ ಸಿದ್ಧವಾದ ಬಟ್ಟೆ, ಒಂದು ಚುಕ್ಕೆಯೂ ಇಲ್ಲ.

“ಏನೂ ಇಲ್ವಲ್ಲ ಅತ್ತೆ?”

“ನನಗೇನು ಕಾಣುತ್ತೆ ಅಂತ ಹಾಕ್ಲಿ? ತಗೊಂಡು ಹೋಗು ಅಂದೆ.”

ಡಾರ್ವಿನ್ನಿಗೆ ಹೋಗುವವರೆಗೆ ವರ್ಷವರ್ಷವೂ ಅವಳ ಬಟ್ಟೆಯನ್ನು ಒಯ್ದು ಅಪ್ಪನ ತಂತಿಗೆ ಹಾಕಿದ ಕೈ ಇದು. ಎತ್ತು ಗಾಣ ಬಿಟ್ಟು ಎಲ್ಲಿಗೆ ಹೋಗುತ್ತದೆ? ಊರಿಗೆ ಹೋದವಳೇ ಅದನ್ನೂ ತಂತಿಗೆ ಹಾಕಿದೆ. ಅಪ್ಪ ಜಗುಲಿಯಲ್ಲಿ ಕೂತು ಬಹಳ ಹೊತ್ತು ನೋಡಿದ.

“ಎಲ್ಲಾ ಬಿಟ್ಟ ಜಾಗವೇ,” ಅಂದ. “ಏನೂ ಸುಡಬೇಡ ಅಂತಿದೆ.”

ಮೇ ತಿಂಗಳಲ್ಲಿ, ನಾನು ಇಲ್ಲಿರುವಾಗಲೇ, ಅತ್ತೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ತೀರಿಕೊಂಡಳು. ಹಾಡು, ಅಳು, ಮಣ್ಣು ಎಲ್ಲ ಮುಗಿಯುವಷ್ಟರಲ್ಲಿ ಆ ವರ್ಷದ ಹೂ ಬಂದು ಹೋಗಿತ್ತು. ಬಿಳಿ ಬಟ್ಟೆ ತಂತಿಯ ಮೇಲೇ ಉಳಿಯಿತು. ಅಪ್ಪ ಅದಕ್ಕೆ ವಿಧೇಯನಾಗಿ ಏನನ್ನೂ ಹಚ್ಚಲಿಲ್ಲ. ಮತ್ತೆ ಮಳೆ ಬಂತು. ಸುಟ್ಟು ಬಯಲಾದ ನೆಲಕ್ಕೆ ಬಿಸಿಲು ನೇರವಾಗಿ ಬೀಳುತ್ತಿತ್ತು, ಹುಲ್ಲು ಹುಚ್ಚು ಹಿಡಿದಂತೆ ಬೆಳೆಯಿತು. ಹಳೆಯ ಒಣಹುಲ್ಲಿನ ಮೇಲೆ ಹೊಸದು ಬಿದ್ದು ನಡೆಯಲು ದಾರಿಯಿಲ್ಲದಂತಾಯಿತು. ಈ ಸಲದ ಗಾಳಿಮಳೆಗೂ ಅದು ಪೂರ್ತಿ ಮಲಗಲಿಲ್ಲ.

ಹತ್ತು ದಿನದ ಹಿಂದೆ ದೋಣಿಯಲ್ಲಿ ಅತ್ತೆಯ ಟ್ರಂಕು ಬಂತು. ಎಲೆಗಳ ಹೊಗೆ ಹಾಕಿ ಶುದ್ಧ ಮಾಡುವವರೆಗೆ ಸತ್ತವರ ಸಾಮಾನು ಮುಟ್ಟುವಂತಿಲ್ಲ, ಆ ಕೆಲಸಕ್ಕೆ ಹಿರಿಯರು ಬರಲು ವಾರ ಹಿಡಿಯಿತು. ಅದು ಮುಗಿದಮೇಲೆ ಮೊನ್ನೆ ಬೀಗ ತೆಗೆದೆ. ಬಟ್ಟೆಬರೆಯ ಕೆಳಗೆ ಒಂದು ಹೊಸ ಸ್ಕ್ರೀನಿತ್ತು. ಬಣ್ಣ ಕಾಣದ ಜಾಲರಿ, ಬಿಗಿಯಾಗಿ ಎಳೆದು ಕಟ್ಟಿದ್ದು. ಮರದ ಚೌಕಟ್ಟಿನ ಮೇಲೆ ಅವಳ ದಪ್ಪ ಅಕ್ಷರದಲ್ಲಿ ‘ಮರ್ಲೀನ್’ ಎಂದು ಬರೆದಿತ್ತು.

ಟ್ರಂಕಿನ ಮುಂದೆ ಕೂತು ಆ ಹೆಸರನ್ನು ಮತ್ತೆ ಓದಿದೆ. ಆ ಬಿಳಿ ಬಟ್ಟೆ ಅಪ್ಪನಿಗೆ ಕಳಿಸಿದ್ದಲ್ಲ. ನನಗೆ ಕೊಟ್ಟದ್ದು. ತನಗೆ ಕಾಣುವುದಿಲ್ಲ, ನೀನು ನೋಡಿ ಹಾಕು ಎಂದು ಅವಳು ತನ್ನ ಕಣ್ಣನ್ನೇ ನನ್ನ ಕೈಗೆ ಕೊಟ್ಟಿದ್ದಳು, ನಾನು ಅದನ್ನು ಒಗೆದ ಬಟ್ಟೆಯಂತೆ ಒಣಹಾಕಿ ಎರಡು ಹೂವಿನ ಕಾಲ ಸುಮ್ಮನೆ ಕೂತಿದ್ದೆ. ಎದ್ದು ಹೊರಗೆ ಹೋಗಿ ನೋಡಿದೆ. ಹಿತ್ತಲಿನಾಚೆಯ ಕಂಬಳಿಮರದ ಕೆಳಗೆ ನೆಲವೆಲ್ಲ ಕಿತ್ತಳೆ. ಕೊಂಬೆಯಲ್ಲಿ ಅರ್ಧ ಉಳಿದಿತ್ತು, ಅರ್ಧ ಉದುರಿತ್ತು.

ನಿನ್ನೆ ಬೆಳಿಗ್ಗೆ ಬಿಳಿ ಬಟ್ಟೆಯನ್ನು ತಂತಿಯಿಂದ ಇಳಿಸಿದೆ. ಅಪ್ಪ ಜಗುಲಿಯಿಂದ ನೋಡಿದ, ಬೇಡ ಎನ್ನಲಿಲ್ಲ. ಅತ್ತೆಯ ಅರ್ಧಚಂದ್ರವನ್ನು ನಾನು ಮುಟ್ಟುವಂತಿಲ್ಲ. ಹಾಗಾಗಿ ಉದುರಿದ ಹೂವೊಂದನ್ನು ಎದುರಿಗಿಟ್ಟುಕೊಂಡು ನನಗೆ ಕಂಡದ್ದನ್ನು ಅಚ್ಚಿಗೆಂದು ಕಾಗದದಲ್ಲಿ ಕತ್ತರಿಸಿದೆ. ಗುಂಡನೆಯ ಬಟ್ಟಲು, ಕೆಳಮುಖವಾಗಿ ಬೀಳುವ ಗೀರುಗಳು. ಎಲ್ಲಕ್ಕಿಂತ ಮೊದಲು ಅಂಗೈ ಇಟ್ಟು ಅಳೆದು ಬಿಡಬೇಕಾದ ಜಾಗ ಬಿಟ್ಟೆ. ಬಣ್ಣ ಎಳೆಯುವಾಗ ಕೈ ನಡುಗಿತು. ಇಷ್ಟು ದಿನ ಅದು ಮುದುಕಿಯ ಕೈ, ಅದಕ್ಕೆ ನಡುಗುತ್ತದೆ ಎಂದುಕೊಂಡಿದ್ದೆ.

ಒದ್ದೆ ಬಟ್ಟೆಯನ್ನು ತಂತಿಗೆ ಹಾಕಿದೆ. ಅಪ್ಪ ಎದ್ದು ಬಂದು ಹತ್ತಿರ ನಿಂತು ನೋಡಿದ. ಒಳಗೆ ಹೋದ. ಒಳಗಿಂದ ಸಿಳ್ಳೆ ಕೇಳಿತು. ಮೂರು ನಾಯಿಗಳನ್ನು ಹಗ್ಗ ಹಾಕಿ ಹಿಡಿದುಕೊಂಡು ಹೊರಬಂದ, ಹಳ್ಳ ದಾಟಿಸಿ ಆಚೆ ಮರಕ್ಕೆ ಕಟ್ಟಿದ. ವಾಪಸು ಬಂದು ಗೋಡೆಗೆ ಒರಗಿಸಿದ್ದ ಕುಂಟೆಯನ್ನು ಸುಟ್ಟು ಸೆಟೆದ ಎರಡು ಕೈಗಳ ನಡುವೆ ಸಿಕ್ಕಿಸಿಕೊಂಡು ಗೋರಿಗಳ ಕಡೆಗೆ ನಡೆದ. ಹುಲ್ಲು ಕೆರೆಯಲು ಶುರುಮಾಡಿದ. ಅತ್ತೆಯ ಗೋರಿಯ ಸುತ್ತ ಮೊದಲು.

ನಾನು ಅವನ ಹಿಂದೆಯೇ ಗೋರಿಗಳ ಹತ್ತಿರ ಹೋದೆ.

“ಅಪ್ಪ, ನಾಯಿಗಳನ್ನ ಯಾಕೆ ಆಚೆ ಕಟ್ಟಿದೆ?”

“ಹಾಗೇ.”

“ತಡ ಆಯ್ತಾ? ಹೇಳು, ತಡ ಆಯ್ತಾ?”

ಅವನು ತಲೆ ಎತ್ತದೆ ಕೆರೆಯುತ್ತಲೇ ಹೇಳಿದ. “ಬಟ್ಟೆ ಬಂತಲ್ಲ ಮಗಳೇ.”

ಓಡಿಹೋಗಿ ತಂತಿಯಿಂದ ಬಟ್ಟೆ ಕಿತ್ತೆ. ಬಣ್ಣ ಆರಿರಲಿಲ್ಲ, ಕೈಗೆಲ್ಲ ಮೆತ್ತಿತು. ಅವನ ಮುಂದೆ ತಂದು ಹೂವಿನ ಮೇಲೆ ಹೂ ಒರೆಸಿಹೋಗುವಂತೆ ಮಡಿಸಿ ನೆಲಕ್ಕೆ ಹಾಕಿದೆ.

“ಈಗ ಬಟ್ಟೆ ಇಲ್ಲ. ನಾನು ನಿನ್ನ ಅಕ್ಕ ಅಲ್ಲ ಅಪ್ಪ, ಮಗಳು. ನನ್ನ ಮುಖ ನೋಡಿ ಮಾತಾಡಬಹುದು. ನನಗೆ ನೋವಾದ್ರೆ ಆಗ್ಲಿ. ಹೇಳು.”

ಅಪ್ಪ ಕುಂಟೆ ನಿಲ್ಲಿಸಿದ. ನನ್ನ ಮುಖ ನೋಡಿದ, ಆಮೇಲೆ ಹುಲ್ಲಿನ ಕಡೆ ನೋಡಿದ. ಸುಟ್ಟ ಕೈಗೆ ಗಾಳಿ ತಿಳಿಯುವುದಿಲ್ಲ, ಅದಕ್ಕೆ ಕೆನ್ನೆ ತಿರುಗಿಸಿ ಗಾಳಿಗೆ ಒಡ್ಡಿದ. ಎಷ್ಟು ಹೊತ್ತು ನಿಂತನೋ.

“ಗಾಳಿ ಕೆಟ್ಟಿದೆ,” ಅಂದ.

ಅವನ ಬಾಯಿ ಮತ್ತೆ ತೆರೆಯಿತು.

“ಹತ್ತು ದಿನ ತಡ ಮಾಡಿದೆ ನೀನು. ಒರತೆ ಕಡೇದು ಒಂದಿಷ್ಟು ಆಗುತ್ತೆ, ಬೆಳಿಗ್ಗೆ ಇಬ್ಬನಿ ಇರೋವಾಗ, ಚಾಪೆಯಷ್ಟು ಚಾಪೆಯಷ್ಟು. ಉಳಿದಿದ್ದನ್ನ ಮುಟ್ಟೋಕಾಗಲ್ಲ. ಮಳೆಗೆ ಮುಂಚೆ ಒಣಮಿಂಚು ಬರುತ್ತಲ್ಲ, ಅಲ್ಲೀವರೆಗೆ ಮನೆ ಸುತ್ತ, ಗೋರಿ ಸುತ್ತ ಕೆರೀತಾ ಇರಬೇಕು. ದಿನಾ.”

ಅಪ್ಪ ಒಂದೇ ಸಲ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎರಡು ವರ್ಷದ ಹಿಂದೆ ಅವನಿಗೋ ನನಗೋ ‘ಗಾಳಿ ಕೆಟ್ಟಿದೆ’ ಎಂಬ ಎರಡೇ ಮಾತು ಬಂದಿದ್ದರೆ ಸಾಕಿತ್ತು. ಅಳು ಬಂತು, ಅಳುತ್ತಲೇ ಇನ್ನೊಂದು ಕುಂಟೆ ತಂದೆ.

ಇವತ್ತು ಬೆಳಿಗ್ಗೆ ಒರತೆಯ ಹತ್ತಿರ ಏಳು ಚಾಪೆಯಷ್ಟು ಸುಟ್ಟೆವು. ಕಡ್ಡಿ ಗೀರಿದ್ದು ನಾನು, ಎಲ್ಲಿ ಎಂದು ತೋರಿಸಿದ್ದು ಅಪ್ಪ. ಮಧ್ಯಾಹ್ನದಿಂದ ಕೆರೆಯುತ್ತಿದ್ದೇವೆ. ಗೋರಿಗಳ ಸುತ್ತ ಮುಗಿದಿದೆ, ಮನೆಯ ಸುತ್ತ ಇನ್ನೂ ಅರ್ಧವೂ ಆಗಿಲ್ಲ. ಉಳಿದ ಹುಲ್ಲು ಹಿತ್ತಲಿನಾಚೆ ನಿಂತೇ ಇದೆ, ಗಾಳಿ ಬಂದಾಗಲೆಲ್ಲ ಸದ್ದು ಮಾಡುತ್ತದೆ.